ವಾಲ್ ಪುಟ್ಟಿಯಿಂದ ಮನೆಯಲ್ಲೇ ಟೆಕ್ಸ್ಚರ್ ಚಿತ್ರ ಮಾಡಿಕೊಳ್ಳಬಹುದೇ? ಬಿರುಕು ಬಿಡದಂತೆ ಏನು ಮಾಡಬೇಕು?

ಖಂಡಿತ ಮಾಡಿಕೊಳ್ಳಬಹುದು. ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಗೋಡೆ ಖಾಲಿ ಇದೆ, ಅಂಗಡಿಯಲ್ಲಿ ಕಂಡ ಬಿಳಿ ಟೆಕ್ಸ್ಚರ್ ಚಿತ್ರದ (ಮೇಲ್ಮೈಯ ಉಬ್ಬುತಗ್ಗುಗಳಿಂದಲೇ ಮೂಡುವ ಚಿತ್ರ) ಬೆಲೆ ಕೈಗೆಟುಕಲಿಲ್ಲ, ಕ್ಯಾನ್ವಾಸಿಗೆ ವಾಲ್ ಪುಟ್ಟಿ ಬಳಿದು ನೋಡಿದರೆ ಅದು ಬಿರುಕು ಬಿಟ್ಟಿತು ಎಂದು ಬರೆದಿದ್ದೀರಿ. ಬಿರುಕಿನ ವಿಚಾರಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಚಿತ್ರವನ್ನು ತೂಗುಹಾಕುವ ಗೋಡೆಯ ಮೇಲೆ ಬೆಳಕು ಎಲ್ಲಿಂದ ಬೀಳುತ್ತದೆ ಎಂದು ನೋಡಿಕೊಳ್ಳಿ. ಹೆಚ್ಚಿನವರಿಗೆ ಈ ಯೋಚನೆ ಬರುವುದು ಮೊಳೆ ಹೊಡೆಯುವ ಹೊತ್ತಿಗೆ, ಆಗ ತಡವಾಗಿರುತ್ತದೆ.

ಬಿಳಿಯ ಮೇಲಿನ ಬಿಳಿ ಉಬ್ಬು ಕಣ್ಣಿಗೆ ಕಾಣುವುದು ಅದರ ನೆರಳಿನಿಂದ. ಕಿಟಕಿಗೆ ನೇರ ಎದುರಿಗಿರುವ ಗೋಡೆಯ ಮೇಲೆ ಬೆಳಕು ಮುಖಾಮುಖಿ ಬೀಳುವುದರಿಂದ ನೆರಳೇ ಮೂಡುವುದಿಲ್ಲ. ನೀವು ಎಷ್ಟೇ ಶ್ರಮಪಟ್ಟಿರಿ, ದೂರದಿಂದ ಅದು ಸುಣ್ಣ ಬಳಿದ ಹಲಗೆ. ಕಿಟಕಿಯ ಪಕ್ಕದ ಗೋಡೆಗೆ ಬೆಳಕು ಓರೆಯಾಗಿ ಬರುತ್ತದೆ. ಅಲ್ಲಿ 2 ಮಿಲಿಮೀಟರ್ ಎತ್ತರದ ಗೆರೆಯೂ ಎದ್ದು ಕಾಣುತ್ತದೆ. ಗೆರೆಗಳ ದಿಕ್ಕನ್ನು ನಿರ್ಧರಿಸಬೇಕಾದದ್ದೂ ಬೆಳಕೇ. ಪಕ್ಕದಿಂದ ಬರುವ ಬೆಳಕಿಗೆ ಲಂಬ ಗೆರೆಗಳು ಹೊಂದುತ್ತವೆ, ಅದೇ ಗೋಡೆಯ ಮೇಲ್ಭಾಗದ ಟ್ಯೂಬ್‌ಲೈಟಿಗೆ ಅಡ್ಡ ಗೆರೆಗಳು. ಬೆಳಕು ಸಾಗುವ ದಿಕ್ಕಿನಲ್ಲೇ ಗೆರೆ ಎಳೆದರೆ ನೆರಳಿಗೆ ಜಾಗವಿರುವುದಿಲ್ಲ. ನಾನು ಪುಟ್ಟಿ ಹಸಿಯಿರುವಾಗಲೇ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಹಲಗೆಯ ಅಂಚಿಗೆ ಹಿಡಿದು ನೋಡುತ್ತೇನೆ. ತಗ್ಗು ಎಲ್ಲಿ ಸಾಲದು, ಎಲ್ಲಿ ಅತಿಯಾಯಿತು ಎಂಬುದು ಆಗ ಸ್ಪಷ್ಟವಾಗುತ್ತದೆ. ತಿದ್ದಲು ಸಮಯವೂ ಇರುತ್ತದೆ.

ಈಗ ಬಿರುಕು. ಪುಡಿಯ ರೂಪದಲ್ಲಿ ಸಿಗುವ ವಾಲ್ ಪುಟ್ಟಿಯಲ್ಲಿ ಬಿಳಿ ಸಿಮೆಂಟ್ ಇರುತ್ತದೆ. ಗಟ್ಟಿಯಾದ ಮೇಲೆ ಅದು ಬಾಗುವುದಿಲ್ಲ. ಕ್ಯಾನ್ವಾಸ್ ಎಷ್ಟಾದರೂ ಬಟ್ಟೆ: ಬೆರಳು ಒತ್ತಿದರೆ ತಗ್ಗುತ್ತದೆ, ಹವೆಯ ತೇವಕ್ಕೆ ತಕ್ಕಂತೆ ಬಿಗಿಯುತ್ತದೆ, ಸಡಿಲಾಗುತ್ತದೆ. ಕೆಳಗಿನದು ಅಲುಗಾಡುವಾಗ ಮೇಲಿನದು ಸೀಳದೆ ಏನು ಮಾಡೀತು? ಜೊತೆಗೆ ದಪ್ಪದ ಪ್ರಶ್ನೆಯೂ ಇದೆ. ಗೋಡೆಯ ಪುಟ್ಟಿ ಇರುವುದು ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರಿನಷ್ಟು ತೆಳ್ಳಗೆ ಬಳಿಯಲು. ಅದನ್ನೇ ಒಮ್ಮೆಗೆ ದಪ್ಪವಾಗಿ ಮೆತ್ತಿ ಫ್ಯಾನಿನ ಕೆಳಗಿಟ್ಟರೆ ಮೇಲ್ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ. ಬಿರುಕಿಗೆ ಇನ್ನೇನು ಬೇಕು.

ಹಾಗಾಗಿ ಕ್ಯಾನ್ವಾಸ್ ಬಿಟ್ಟು 6 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಅಥವಾ ಪ್ಲೈವುಡ್ ಹಲಗೆ ತನ್ನಿ. ಪ್ಲೈವುಡ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಎಂಡಿಎಫ್ ನೀರು ಕುಡಿದರೆ ಊದಿಕೊಳ್ಳುತ್ತದೆ, ಅದರಲ್ಲೂ ಅಂಚುಗಳು. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಪ್ರೈಮರ್ ಬಳಿದು ಒಣಗಿಸಿ. ಹಿಂಬದಿ ಯಾರಿಗೂ ಕಾಣುವುದಿಲ್ಲವೆಂದು ಹಾಗೇ ಬಿಡಬೇಡಿ. ಒಂದೇ ಬದಿಗೆ ಹಸಿ ಬಿದ್ದ ಹಲಗೆ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಬಳಿಯುವುದಕ್ಕೆ ಡಬ್ಬಿಯಲ್ಲಿ ಕಲಸಿಯೇ ಬರುವ ಅಕ್ರಿಲಿಕ್ ಪುಟ್ಟಿ ಹೊಸಬರಿಗೆ ಸುಲಭ. ಎತ್ತರದ ಉಬ್ಬು ಬೇಕಿದ್ದರೆ ನಾನು ಅಮೃತಶಿಲೆಯ ಪುಡಿಗೆ ಫೆವಿಕಾಲ್ ಮತ್ತು ಸ್ವಲ್ಪ ಬಿಳಿ ಎಮಲ್ಷನ್ ಬಣ್ಣ ಸೇರಿಸಿ ಕಲಸುತ್ತೇನೆ. ಅಮೃತಶಿಲೆಯ ಪುಡಿ ಸಿಗದಿದ್ದರೆ ಬಿಳಿ ರಂಗೋಲಿ ಪುಡಿಯೂ ಆಗುತ್ತದೆ, ಅದೂ ಅರೆದ ಕಲ್ಲೇ. ಜರಡಿ ಹಿಡಿಯದಿದ್ದರೆ ಮೇಲ್ಮೈ ತರಿತರಿಯಾಗುತ್ತದೆ, ನನಗಂತೂ ಅದೇ ಇಷ್ಟ. ಅಳತೆಗಿಂತ ಹದ ಮುಖ್ಯ. ಕರಣೆಯ ಮೇಲೆ ತೆಗೆದುಕೊಂಡು ತಲೆಕೆಳಗು ಮಾಡಿದರೆ ಬೀಳಬಾರದು, ಆದರೆ ಎಳೆದಾಗ ಹರಿದುಹೋಗದೆ ಹರಡಬೇಕು. ಒಂದು ಪದರ 2 ಮಿಲಿಮೀಟರ್ ಸಾಕು. ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಇದಕ್ಕೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಫೆವಿಕಾಲ್ ನೀರಿಗೆ ಮೆತ್ತಗಾಗುವ ಅಂಟಾದ್ದರಿಂದ ಈ ಚಿತ್ರವನ್ನು ಸ್ನಾನದ ಮನೆಯ ಹೊರಗೋಡೆಗೆ, ತೇವ ಬರುವ ಗೋಡೆಗೆ ಹಾಕಬೇಡಿ.

ಉಪಕರಣಗಳ ಕಿಟ್ ಎಂದು ಆನ್‌ಲೈನಿನಲ್ಲಿ ಮಾರುವುದಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ. ಟೈಲ್ಸ್ ಹಾಕುವವರು ಅಂಟು ಬಳಿಯಲು ಬಳಸುವ ಹಲ್ಲಿನ ಕರಣೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಂದೇ ಎಳೆತಕ್ಕೆ ಸಮಾನಾಂತರ ಗೆರೆಗಳು ಮೂಡುತ್ತವೆ. ಕಮಾನು ಬೇಕಿದ್ದರೆ ಗಟ್ಟಿ ರಟ್ಟಿಗೆ ಹಲ್ಲು ಕತ್ತರಿಸಿ, ಒಂದು ತುದಿಯನ್ನು ಅಲ್ಲಾಡದಂತೆ ಹಿಡಿದು ಕೈವಾರದ ಹಾಗೆ ತಿರುಗಿಸಿ. ಮೊದಲ ಚಿತ್ರದಲ್ಲೇ ನವಿಲು, ಕಮಲ ಎಂದು ಹೊರಡಬೇಡಿ. ಮಲೆನಾಡಿನ ದೀವರು ಸಮುದಾಯದ ಹಸೆ ಚಿತ್ತಾರವನ್ನು ನೋಡಿ: ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು, ಬರೀ ಗೆರೆ ಮತ್ತು ಚೌಕಗಳಲ್ಲಿ ಎಷ್ಟೆಲ್ಲ ಇದೆ. ಅಂಥ ಜ್ಯಾಮಿತಿ ಉಬ್ಬಿಗೆ ಚೆನ್ನಾಗಿ ಒಗ್ಗುತ್ತದೆ. ಉಬ್ಬು ಹೆಚ್ಚಿದಷ್ಟೂ ಚೆಂದ ಎಂಬ ಭ್ರಮೆಯೂ ಬೇಡ. ತಂಜಾವೂರು ಚಿತ್ರಗಳ ಗೆಸ್ಸೋ, ಅಂದರೆ ಚಿನ್ನದ ಹಾಳೆಯ ಕೆಳಗಿನ ಉಬ್ಬು ಲೇಪ, ದಪ್ಪನಾಗಿ ಎದ್ದಿರುತ್ತದೆ, ಮೈಸೂರು ಚಿತ್ರಗಳಲ್ಲಿ ಅದೇ ಕೆಲಸ ತೀರ ತೆಳು. ಒಡವೆಯ ಕುಸುರಿ ಅಷ್ಟರಲ್ಲೇ ಹೊಳೆಯುತ್ತದೆ.

ಒಣಗಿದ ಮೇಲೆ ಉಪ್ಪುಕಾಗದದಿಂದ ಚೂಪುಗಳನ್ನು ಮಾತ್ರ ಸವರಿ, ಮಾಸ್ಕ್ ಹಾಕಿಕೊಂಡು. ಸಿಮೆಂಟ್ ಪುಟ್ಟಿಯ ದೂಳು ಗಂಟಲಿಗೆ ಒಳ್ಳೆಯದಲ್ಲ, ಅದನ್ನು ಬರಿಗೈಯಲ್ಲಿ ಕಲಸಿದರೆ ಚರ್ಮವೂ ಉರಿಯುತ್ತದೆ. ಬಣ್ಣ ಮ್ಯಾಟ್ ಇರಲಿ. ಹೊಳಪಿನ ಬಣ್ಣದಲ್ಲಿ ದೀಪದ ಪ್ರತಿಬಿಂಬ ಮಿಂಚಿ ನೆರಳನ್ನು ನುಂಗುತ್ತದೆ.

ತೂಕವನ್ನು ಲೆಕ್ಕ ಹಾಕದೆ ನೇತುಹಾಕಬೇಡಿ. 2 ಅಡಿಗೆ 3 ಅಡಿಯ ಎಂಡಿಎಫ್ ಹಲಗೆಯೇ ಸುಮಾರು ಎರಡೂವರೆ ಕಿಲೋ. ಮೇಲೆ 3 ಮಿಲಿಮೀಟರ್ ಪುಟ್ಟಿ ಕೂತರೆ ಒಟ್ಟು 5 ಕಿಲೋ ಹತ್ತಿರವಾಗುತ್ತದೆ. ಎರಡು ಬದಿಯ ಅಂಟುಪಟ್ಟಿಯನ್ನು ಇಷ್ಟು ಭಾರಕ್ಕೆ ನಂಬಲಾಗದು, ಬಿಡುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮನೆಯ ಮಾಲೀಕರ ಒಪ್ಪಿಗೆ ಪಡೆದು ಎರಡು ರಂಧ್ರ ಕೊರೆಸಿ, ವಾಲ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಿ. ಒಪ್ಪದಿದ್ದರೆ ಹಲಗೆಯನ್ನು ಟಿವಿ ಸ್ಟ್ಯಾಂಡಿನ ಮೇಲೋ ತಗ್ಗಿನ ಕಪಾಟಿನ ಮೇಲೋ ಗೋಡೆಗೆ ಒರಗಿಸಿ ನಿಲ್ಲಿಸಿ, ಮನೆಯಲ್ಲಿ ಓಡಾಡುವ ಮಕ್ಕಳಿಲ್ಲದಿದ್ದರೆ. ಮತ್ತೆ, ಉಳಿದ ಪುಟ್ಟಿಯನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಸಿಮೆಂಟ್ ಆಗಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಲಿ ನೀರಿನೊಳಗೂ ಗಟ್ಟಿಯಾಗುತ್ತದೆ. ಪೈಪು ಕಟ್ಟಿಕೊಂಡರೆ ಪ್ಲಂಬರ್ ಖರ್ಚಿನಲ್ಲಿ ಅಂಗಡಿಯ ಚಿತ್ರವೇ ಬರುತ್ತಿತ್ತು ಅನ್ನಿಸುತ್ತದೆ. ಬಟ್ಟಲಲ್ಲೇ ಒಣಗಲು ಬಿಟ್ಟು, ಉದುರಿಸಿ ಕಸಕ್ಕೆ ಹಾಕಿ.