ಸಂಘ ಇಲ್ಲದ ಮನೆ ತಗೊಂಡ್ರೆ ಅಡ್ಡಿಲ್ವಾ?

ಪ್ರಶ್ನೆ: ಮಗ-ಸೊಸೆ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಹತ್ರ ಇದ್ದಾರೆ. ಈಗ ಮನೆ ತಗೋಬೇಕು ಅಂತ ಹೊರಟಿದ್ದಾರೆ. ಅಲ್ಲಿ ಎಚ್‌ಒಎ ಅಂತ ಮನೆ ಮಾಲೀಕರ ಸಂಘ ಇರ್ತದಂತೆ, ಅದಕ್ಕೆ ದುಡ್ಡು ಕಟ್ಟಬೇಕು, ಗೋಡೆಗೆ ಬಣ್ಣ ಹೊಡೆಯೋದಕ್ಕೂ ಅವರನ್ನ ಕೇಳಬೇಕು ಅಂತ ಮಗ ಸಂಘ ಇಲ್ಲದ ಮನೆನೇ ಹುಡುಕ್ತಾ ಇದ್ದಾನೆ. ಸೊಸೆಗೆ ಎದುರಿಗೆ ಒಂದು ತುಳಸಿಕಟ್ಟೆ ಇಡೋ ಆಸೆ, ಅದಕ್ಕೂ ಸಂಘದವರು ಬೇಡ ಅಂದ್ರೆ ಅಂತ ಅವಳಿಗೆ ಹೆದರಿಕೆ. ಆಫೀಸಿನವರು ಮಾತ್ರ ಸಂಘ ಇಲ್ಲದ ಕಡೆ ತಗೋಬೇಡ, ಆಮೇಲೆ ಮಾರೋಕೆ ಕಷ್ಟ ಅಂತಿದ್ದಾರಂತೆ. ನಮ್ಮ ಮನೆಗೆ ಯಾವ ಸಂಘವೂ ಇಲ್ಲ, ನಾವು ಚೆನ್ನಾಗೇ ಇದ್ದೇವೆ. ಅವನಿಗೆ ಏನು ಹೇಳಲಿ?
– ಓದುಗರು, ಕುಮಟಾ

ಉತ್ತರ: ತಗೊಳ್ಲಿ ಅಕ್ಕಾ, ಅಡ್ಡಿಲ್ಲ. ಆದ್ರೆ ಸಂಘ ಇಲ್ಲ ಅಂದಕೂಡ್ಲೇ ನಿಯಮವೂ ಇಲ್ಲ ಖರ್ಚೂ ಇಲ್ಲ ಅಂತ ತಿಳ್ಕೊಂಡು ಸಹಿ ಹಾಕೋದು ಬೇಡ. ಮನೆ ಮುಂದಿನ ರಸ್ತೆ, ಗಟಾರ, ಮಳೆನೀರು ಹಿಡಿಯೋ ಹೊಂಡ ಇವನ್ನೆಲ್ಲ ಯಾರಾದ್ರೂ ನೋಡ್ಕೊಳ್ಳಲೇಬೇಕಲ್ಲ, ಆ ಯಾರಾದ್ರೂ ಯಾರು ಅನ್ನೋದೇ ಮುಖ್ಯ ಪ್ರಶ್ನೆ.

ಮೊದಲು ಸಂಘ ನಿಜವಾಗ್ಲೂ ಇಲ್ವಾ ಅಂತ ಖಾತ್ರಿ ಮಾಡ್ಕೊಳ್ಲಿ. ಏಜೆಂಟ್ ಬಾಯಿಮಾತು ಸಾಲದು. ಅಲ್ಲಿ ಸಂಘದ ಸದಸ್ಯತ್ವ ಜಾಗಕ್ಕೆ ಅಂಟಿಕೊಂಡು ಬರ್ತದೆ, ತಗೊಂಡವರು ತಾನಾಗೇ ಸದಸ್ಯರು, ನನಗೆ ಬೇಡ ಅಂತ ರಾಜೀನಾಮೆ ಕೊಟ್ಟು ಹೊರಗೆ ಬರೋಕಾಗಲ್ಲ, ದುಡ್ಡು ಕಟ್ಟದೇ ಬಿಟ್ರೆ ಮನೆ ಮೇಲೇ ಬೋಜಾ ಬೀಳ್ತದೆ, ವಿಷಯ ಹರಾಜಿನ ತನಕ ಹೋಗೋದೂ ಉಂಟು. ಖರೀದಿ ಒಪ್ಪಂದ ಆದ ಮೇಲೆ ಟೈಟಲ್ ಕಂಪನಿಯವರು, ಅಂದ್ರೆ ಜಾಗದ ಹಕ್ಕುಪತ್ರ ಪರಿಶೀಲಿಸೋರು, ಟೈಟಲ್ ಕಮಿಟ್‌ಮೆಂಟ್ ಅಂತ ಒಂದು ಕಾಗದ ಕೊಡ್ತಾರೆ, ಅದರ ಶೆಡ್ಯೂಲ್ ಬಿ ಭಾಗದಲ್ಲಿ ಆ ಜಾಗದ ಮೇಲಿರೋ ಕಟ್ಟುಪಾಡು ಬರೆದಿರ್ತದೆ. ಅದನ್ನ ಮಗ ಕೂತು ಪೂರ್ತಿ ಓದ್ಲಿ, ಅರ್ಥ ಆಗದ್ದನ್ನ ಕೇಳ್ಲಿ. ಯಾಕಂದ್ರೆ ಸಂಘ ಇಲ್ಲದಿದ್ರೂ ಡೀಡ್ ರಿಸ್ಟ್ರಿಕ್ಷನ್ ಅಂತ ಹಳೇ ಷರತ್ತುಗಳು ಇರಬಹುದು. ಹ್ಯೂಸ್ಟನ್ ನಗರದಲ್ಲಿ ಬೇರೆ ದೊಡ್ಡ ಊರುಗಳ ತರ ಝೋನಿಂಗ್ ಕಾನೂನು (ಎಲ್ಲಿ ಮನೆ, ಎಲ್ಲಿ ಅಂಗಡಿ ಅಂತ ಭಾಗ ಮಾಡೋದು) ಇಲ್ಲ, ಹಾಗಾಗಿ ಈ ಷರತ್ತುಗಳಿಗೇ ಅಲ್ಲಿ ತೂಕ ಜಾಸ್ತಿ, ನಗರಾಡಳಿತವೇ ಇವನ್ನ ಜಾರಿ ಮಾಡೋಕೆ ಕೋರ್ಟಿಗೆ ಹೋಗಬಹುದು. ಷರತ್ತೂ ಇಲ್ಲದ ಕಡೆ ಪಕ್ಕದ ಜಾಗದಲ್ಲಿ ನಾಳೆ ಗ್ಯಾರೇಜ್ ಎದ್ರೂ ತಡೆಯೋದು ಕಷ್ಟ, ಅದಕ್ಕೆ ಸುತ್ತ ಏನಿದೆ ಅಂತ ನಾಲ್ಕು ದಿಕ್ಕೂ ತಿರುಗಿ ನೋಡ್ಲಿ.

ಖರ್ಚಿನ ವಿಷಯ. ನಗರದ ಗಡಿಯಾಚೆಗಿನ ಹಲವು ಹೊಸ ಬಡಾವಣೆಗಳಲ್ಲಿ ಎಂಯುಡಿ ಅಂತ ಇರ್ತದೆ, ನೀರು, ಒಳಚರಂಡಿ, ಮಳೆನೀರಿನ ವ್ಯವಸ್ಥೆಗೆ ಸಾಲ ಎತ್ತಿ ಅದನ್ನ ಮನೆ ತೆರಿಗೆ ಜೊತೆ ವಸೂಲಿ ಮಾಡೋ ಸರ್ಕಾರಿ ಘಟಕ ಅದು. ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಂಘದ ದುಡ್ಡು ಉಳೀತು ಅಂತ ಖುಷಿಪಟ್ಟು ತೆರಿಗೆ ಬಿಲ್ ನೋಡದೇ ಇದ್ರೆ ಲೆಕ್ಕ ತಪ್ತದೆ. ಮಾರೋರು ಎಂಯುಡಿ ಬಗ್ಗೆ ಮೊದಲೇ ನೋಟಿಸ್ ಕೊಡಬೇಕು ಅಂತ ಅಲ್ಲಿ ಕಾನೂನಿದೆ, ಅದನ್ನ ಕೇಳಿ ತಗೊಳ್ಲಿ.

ಇನ್ನು ನೀರು. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ. 2019ರ ಆಗಸ್ಟ್‌ನಲ್ಲಿ ಕದ್ರಾ ಡ್ಯಾಂ ಗೇಟ್ ತೆಗೆದಾಗ ಕಾಳಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಹ್ಯೂಸ್ಟನ್‌ನಲ್ಲಿ 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಆ್ಯಡಿಕ್ಸ್, ಬಾರ್ಕರ್ ಜಲಾಶಯಗಳಿಂದ ನೀರು ಬಿಟ್ಟು ಕೆಳಗಿನ ಬಡಾವಣೆಗಳು ಹೀಗೇ ಮುಳುಗಿದ್ವು, ಜಲಾಶಯದ ಹಿಂಭಾಗದಲ್ಲಿ ನೀರು ನಿಂತು ಮೇಲಿನ ಮನೆಗಳಿಗೂ ನುಗ್ಗಿತ್ತು. ಅಲ್ಲಿ ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ಬರಲ್ಲ, ಬೇರೇನೇ ಪಾಲಿಸಿ ಮಾಡಿಸಬೇಕು. ಹಿಂದೆ ನೆರೆ ಬಂದಿತ್ತಾ ಅಂತ ಮಾರೋರು ಬರೆದು ತಿಳಿಸಬೇಕು ಅನ್ನೋ ನಿಯಮ ಇದೆ, 2019ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ದಾರೆ. ಅದರ ಜೊತೆ ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನೆರೆ ನಕ್ಷೆ ನೋಡ್ಲಿ, ಅಕ್ಕಪಕ್ಕದ ಎರಡು ಮನೆ ಬಾಗಿಲು ತಟ್ಟಿ ಹಾರ್ವೆಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳ್ಲಿ. ಟೆಕ್ಸಾಸ್‌ನಲ್ಲಿ ಸ್ವಲ್ಪ ಫೀ ಕೊಟ್ರೆ ಆಪ್ಷನ್ ಪಿರಿಯಡ್ ಅಂತ ಕೆಲವು ದಿನ ಸಿಗ್ತದೆ, ಅಷ್ಟರೊಳಗೆ ಯಾವ ಕಾರಣಕ್ಕಾದ್ರೂ ವ್ಯವಹಾರ ಬಿಡಬಹುದು. ಇನ್‌ಸ್ಪೆಕ್ಷನ್, ಸರ್ವೆ, ಈ ವಿಚಾರಣೆ ಎಲ್ಲ ಆಗಲೇ ಮುಗಿಸ್ಲಿ.

ಮಾರೋಕೆ ಕಷ್ಟ ಅನ್ನೋ ಮಾತಿಗೆ ನಾನು ಅಷ್ಟು ಬೆಲೆ ಕೊಡಲ್ಲ. ಸಂಘ ಬೇಡ ಅಂತಲೇ ಹುಡುಕೋರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ತುಳಸಿಗಂತೂ ಸೊಸೆ ಹೆದರಬೇಕಾಗಿಲ್ಲ. ಸಂಘ ಇರೋ ಮನೆನೇ ಸಿಕ್ಕಿದ್ರೂ, ಭಕ್ತಿಯಿಂದ ಇಟ್ಟ ಧಾರ್ಮಿಕ ವಸ್ತುವನ್ನ ಸ್ವಂತ ಜಾಗದಲ್ಲಿ ಇಡಬಾರದು ಅಂತ ಸಂಘ ಹೇಳೋಕಾಗದ ಹಾಗೆ ಟೆಕ್ಸಾಸ್ 2021ರಲ್ಲಿ ಕಾನೂನು ತಿದ್ದಿದೆ. ಗಡಿಗೆ ತೀರಾ ಹತ್ರ ಕಟ್ಟೆ ಕಟ್ಟಬಾರದು ಅನ್ನೋ ತರದ ಕೆಲವು ಷರತ್ತು ಮಾತ್ರ ಇವೆ.

ಪ್ರಶ್ನೆ: ಕಾರವಾರದ ಹೊರಗೆ ಪಂಚಾಯ್ತಿ ಹದ್ದಿನ ಲೇಔಟ್‌ನಲ್ಲಿ ಕಟ್ಟಿದ ಮನೆ ನೋಡಿದ್ದೇವೆ. ನಿವಾಸಿಗಳ ಸಂಘ ಇಲ್ಲ. ರಸ್ತೆ, ದೀಪ ಯಾರ ಜವಾಬ್ದಾರಿ?
– ನಿವೃತ್ತ ನೌಕರರು, ಕಾರವಾರ

ಉತ್ತರ: ಲೇಔಟ್ ಮಾಡಿದವರು ರಸ್ತೆ, ಪಾರ್ಕ್ ಜಾಗವನ್ನ ಪಂಚಾಯ್ತಿಗೆ ಬರೆದು ಬಿಟ್ಟುಕೊಟ್ಟಿದ್ದಾರಾ, ಮೊದಲು ಅದನ್ನ ಕೇಳಿ. ಕೊಟ್ಟಿದ್ರೆ ಜವಾಬ್ದಾರಿ ಪಂಚಾಯ್ತಿಯದ್ದು, ಪಿಡಿಓಗೆ ಅರ್ಜಿ ಹಾಕಬಹುದು. ಕೊಟ್ಟಿಲ್ಲ ಅಂದ್ರೆ ನೀವು ಓಡಾಡೋ ರಸ್ತೆ ಪಹಣಿಯಲ್ಲಿ ಇನ್ನೂ ಬೇರೆಯವರ ಹೆಸರಲ್ಲೇ ಇರಬಹುದು, ನಾಳೆ ಗೇಟ್ ಹಾಕಿದ್ರೆ ಕಷ್ಟ. ಬಿನಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಮಂಜೂರಾದ ನಕ್ಷೆ, ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಫಾರ್ಮ್ 9 ಮತ್ತು 11ಎ ನೋಡಿ, ಕ್ರಮಬದ್ಧವಲ್ಲದ ಆಸ್ತಿಗೆ ಕೊಡೋ 11ಬಿ ಮಾತ್ರ ತೋರಿಸಿದ್ರೆ ವಕೀಲರ ಹತ್ರ ಕೇಳದೆ ಮುಂಗಡ ಕೊಡಬೇಡಿ. ಸಮುದ್ರ ಅಥವಾ ಉಪ್ಪುನೀರು ಏರಿಳಿಯೋ ಹೊಳೆ ಹತ್ರ ಇದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕೂಡ ವಿಚಾರಿಸಿ. ಸಂಘ ಬೇಕು ಅನ್ನಿಸಿದ್ರೆ ಏಳು ಜನ ಸೇರಿದ್ರೆ ಸಾಕು, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಬಹುದು, ಪಂಚಾಯ್ತಿಗೆ ಹಾಕೋ ಅರ್ಜಿಯೂ ಆಗ ಎಲ್ಲರ ಪರವಾಗಿ ಒಂದೇ ಹೋಗ್ತದೆ.