352 ಮತ್ತು 40: ಯಾವ ದೇಶದ ಪೈಲಟ್ ಹೆಚ್ಚು ಗಟ್ಟಿಗ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎರಿಕ್ ಹಾರ್ಟ್‌ಮನ್ 352 ವಿಮಾನ ಹೊಡೆದುರುಳಿಸಿದ ಅಂತ ಓದಿದೆ. ಅಮೆರಿಕದವರಲ್ಲಿ ಮೊದಲ ಸ್ಥಾನದ ರಿಚರ್ಡ್ ಬಾಂಗ್ ಲೆಕ್ಕ ಬರೀ 40. ಹಾಗಾದರೆ ಜರ್ಮನ್ ಪೈಲಟ್‌ಗಳೇ ಎಲ್ಲರಿಗಿಂತ ನಿಪುಣರು ಅನ್ನಬಹುದಾ?

ಉತ್ತರ: ಈ ಎರಡು ಅಂಕಿ ಇಟ್ಟುಕೊಂಡು ಹಾಗೆ ಹೇಳಲು ಬರುವುದಿಲ್ಲ. ಹಾರ್ಟ್‌ಮನ್ 1942ರ ಅಕ್ಟೋಬರ್‌ನಿಂದ 1945ರ ಮೇ ತನಕ ಸುಮಾರು 1,400 ಸಲ ಯುದ್ಧಕ್ಕೆ ಹಾರಿದ. ಜರ್ಮನ್ ಪೈಲಟ್‌ಗೆ ಇಷ್ಟು ಹಾರಿದರೆ ಸಾಕು ಅನ್ನುವ ಲೆಕ್ಕವೇ ಇರಲಿಲ್ಲ. ಸಾಯಬೇಕು, ಸೆರೆ ಸಿಗಬೇಕು, ಇಲ್ಲ ಕೈಕಾಲು ಮುರಿಯಬೇಕು, ಅಲ್ಲಿವರೆಗೂ ಹಾರುತ್ತಲೇ ಇರಬೇಕು. ಬಾಂಗ್‌ನನ್ನು 40 ಆದ ಮೇಲೆ ಸೇನೆಯೇ ಊರಿಗೆ ಕಳಿಸಿತು. ಅದೂ ಅಲ್ಲದೆ ರಷ್ಯಾ ಕಡೆಯ ಆಕಾಶದಲ್ಲಿ ಎದುರಾಳಿ ವಿಮಾನಗಳಿಗೆ ಬರ ಇರಲಿಲ್ಲ. 1944ರ ಹೊತ್ತಿಗೆ ಎಷ್ಟೋ ಅಮೆರಿಕನ್ ಹುಡುಗರು ಹತ್ತಾರು ಸಲ ಹಾರಿದರೂ ಒಂದು ಜರ್ಮನ್ ವಿಮಾನವನ್ನೂ ಕಾಣದೆ ವಾಪಸ್ ಬರುತ್ತಿದ್ದರು. ಎದುರಿಗೆ ಸಿಗದೆ ಹೊಡೆಯುವುದು ಹೇಗೆ?

ಇನ್ನು ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. 1940ರ ಸೆಪ್ಟೆಂಬರ್ 15ರಂದು ಬ್ರಿಟಿಷರು 185 ಜರ್ಮನ್ ವಿಮಾನ ಬಿತ್ತು ಅಂತ ಸಾರಿದರು. ನಿಜಕ್ಕೂ ಬಿದ್ದಿದ್ದು 60ರ ಆಸುಪಾಸು. ಸುಳ್ಳು ಹೇಳಿದರು ಅಂತಲ್ಲ. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿದರೆ ಮೂವರೂ ನಾನೇ ಹೊಡೆದೆ ಅಂದುಕೊಳ್ಳುತ್ತಾರೆ, ಆ ಗಡಿಬಿಡಿಯಲ್ಲಿ ನಿಂತು ನೋಡಲು ಯಾರಿಗೆ ಪುರಸೊತ್ತು?

ನನಗೆ ಹಾರ್ಟ್‌ಮನ್‌ನ 352ಕ್ಕಿಂತ ಅವನ ಮೊದಲ ಹಾರಾಟವೇ ಮುಖ್ಯ. ಆಗ ಅವನಿಗೆ 20 ವರ್ಷ. ಶತ್ರು ಕಂಡ ಕೂಡಲೇ ಜೊತೆ ಬಿಟ್ಟು ನುಗ್ಗಿದ, ಗುರಿ ತಪ್ಪಿತು. ಆಮೇಲೆ ತನ್ನ ನಾಯಕ ರಾಸ್‌ಮನ್‌ನ ವಿಮಾನವನ್ನೇ ಶತ್ರುವಿನದು ಅಂತ ತಿಳಿದು ದಿಕ್ಕೆಟ್ಟು ಓಡಿದ. ಇಂಧನ ಮುಗಿದು ವಿಮಾನವನ್ನು ನೆಲಕ್ಕೆ ಹೊಟ್ಟೆಯ ಮೇಲೇ ಇಳಿಸಬೇಕಾಯಿತು. ಶಿಕ್ಷೆ ಏನು ಗೊತ್ತಾ? ಮೂರು ದಿನ ಮೆಕ್ಯಾನಿಕ್‌ಗಳ ಜೊತೆ ಕೆಲಸ. ಆಮೇಲೆ ಹಳಬರ ಬೆನ್ನ ಹಿಂದೆ ಹಾರುತ್ತಾ ಕಲಿತ: ಮೊದಲು ನೋಡು, ಯೋಚಿಸು, ತೀರಾ ಹತ್ತಿರ ಹೋಗಿ ಹೊಡೆ, ಜಾಗ ಖಾಲಿ ಮಾಡು. ಹೀಗೆ ಎಡವಿದ ಹುಡುಗನನ್ನು ತಿದ್ದಲು ಹಳಬರು ಇದ್ದರು, ಸಮಯವೂ ಇತ್ತು. ಹೋಲಿಸುವುದಿದ್ದರೆ ಇದನ್ನು ಹೋಲಿಸಬೇಕು. 1944ರಲ್ಲಿ ಬಂದ ಜರ್ಮನ್ ಹುಡುಗರಿಗೆ ಆ ಭಾಗ್ಯ ಇರಲಿಲ್ಲ. ಪೆಟ್ರೋಲ್ ಇಲ್ಲದೆ ತರಬೇತಿ ಮೊಟಕಾಯಿತು, ಎದುರಿಗಿದ್ದ ಅಮೆರಿಕನ್ನರು 300 ಗಂಟೆಗೂ ಜಾಸ್ತಿ ಹಾರಿ ಪಳಗಿ ಬಂದಿದ್ದರು.

ಜಪಾನ್ ಕಥೆ ನೋಡಿದರೆ ಇನ್ನೂ ಸಂಕಟವಾಗುತ್ತದೆ. ಯುದ್ಧ ಶುರುವಾದಾಗ ಅವರ ನೌಕಾಪಡೆಯ ಪೈಲಟ್‌ಗಳಿಗೆ ಸಾಟಿ ಇರಲಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. 1942ರ ಆಗಸ್ಟ್ 7ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಮೇಲೆ ಅವರ ಪೈಲಟ್ ಸಬುರೊ ಸಕಾಯ್ ತಲೆಗೆ ಗುಂಡು ತಗುಲಿತು. ಬಲಗಣ್ಣು ಹೋಯಿತು, ಎಡಗೈ ಎಡಗಾಲು ಮರಗಟ್ಟಿದವು. ಆ ಸ್ಥಿತಿಯಲ್ಲೇ ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ ಸಮುದ್ರದ ಮೇಲೆ ಹಾರಿ ತಮ್ಮ ನೆಲೆ ರಬಾಲ್‌ಗೆ ಬಂದು ಇಳಿದ. ಆದರೆ ಆ ದಾರಿಯಲ್ಲಿ ಎಷ್ಟು ಹಳಬರು ನೀರುಪಾಲಾದರು! ಅವರ ಝೀರೊ ವಿಮಾನದಲ್ಲಿ ಪೈಲಟ್ ಬೆನ್ನಿಗೆ ಉಕ್ಕಿನ ತಗಡೂ ಇರಲಿಲ್ಲ. ಉಳಿದವರನ್ನು ಹೊಸಬರಿಗೆ ಕಲಿಸಲು ಹಿಂದಕ್ಕೆ ಕರೆಸುವ ಬದಲು ಯುದ್ಧಕ್ಕೇ ಅಟ್ಟಿದರು. 1944ರ ಜೂನ್ 19ರಂದು ಫಿಲಿಪೀನ್ ಸಮುದ್ರದ ಮೇಲೆ ಅದೇ ನೌಕಾಪಡೆ ಒಂದೇ ದಿನ 300ರಷ್ಟು ವಿಮಾನ ಕಳೆದುಕೊಂಡಿತು. ಹಾರಿಸಿದವರು ಅರೆಬರೆ ಕಲಿತ ಹುಡುಗರು. ಹಾಗಾಗಿ ಯಾವ ದೇಶ ಅಂತ ಕೇಳುವಾಗ ಯಾವ ವರ್ಷ ಅಂತಲೂ ಕೇಳಿ.

ಯಂತ್ರಗಳ ನಡುವೆ ಅಂತರ ಇದ್ದಾಗ ನೈಪುಣ್ಯ ಎದ್ದು ಕಾಣುವುದೂ ಉಂಟು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. ಅದಕ್ಕೂ ಮೊದಲು ಅವರು ಹೊಸಬರಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಅವರದು ಹಳೆಯ ಮಿಸ್ಟಿಯರ್ ವಿಮಾನ, ಎದುರಿಗಿದ್ದದ್ದು ಪಾಕಿಸ್ತಾನದ, ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದರು, ಸ್ಟಾರ್‌ಫೈಟರ್ ಉರುಳಿತು, ಅದರ ಪೈಲಟ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ. ದೇವಯ್ಯ ವಾಪಸ್ ಬರಲಿಲ್ಲ. ಆ ಕಾಳಗದ ವಿಷಯ ಇಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಗೊತ್ತಾಗಿ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ.