ಹಿಡಿ ನನ್ನದು, ಅಲಗು ಯಾರದೋ

ಪ್ರಶ್ನೆ: ಕೆಲಸ ಬಿಟ್ಟು, ತುಂಡು ಜಮೀನಿನಲ್ಲಿ ಬೇಕಾದ್ದೆಲ್ಲ ನಾನೇ ಬೆಳೆದು, ನಾನೇ ಮಾಡಿಕೊಂಡು ಬದುಕಬೇಕೆಂದಿದ್ದೇನೆ. ಇನ್ನೊಬ್ಬರ ಕೈಕೆಳಗೆ ದುಡಿದು ಸಾಕಾಗಿದೆ. ಇದು ಹುಚ್ಚೇ?

ಉತ್ತರ: ಹುಚ್ಚಲ್ಲ. ‘ಎಲ್ಲ’ ಅನ್ನುವ ಪದ ಮಾತ್ರ ಸ್ವಲ್ಪ ದುಬಾರಿ. ನಾನೂ ಒಮ್ಮೆ ಈ ಹಟಕ್ಕೆ ಬಿದ್ದಿದ್ದೆ. ಕುಡುಗೋಲಿಗೆ ಹಿಡಿ ಕೆತ್ತಲು ಕೂತೆ. ಮೊದಲನೆಯದು ಸೀಳಿತು, ಎರಡನೆಯದು ಅಂಗೈಗೆ ಬೊಬ್ಬೆ ಎಬ್ಬಿಸಿತು, ಮೂರನೆಯದು ಹೇಗೋ ನಿಂತಿತು. ಹೆಮ್ಮೆಯಿಂದ ತಿರುಗಿಸಿ ನೋಡುವಾಗ ಹೊಳೆಯಿತು: ಅಲಗು ಕಮ್ಮಾರನದು, ಅವನ ಕಬ್ಬಿಣ ಯಾವುದೋ ಗಣಿಯದು, ನಾನು ಕೆತ್ತಿದ ಉಳಿಯೂ ಕೊಂಡದ್ದೇ!

ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಲೆಕ್ಕ ಕೊಟ್ಟಿದ್ದ. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ಕಲಿಯದವನೊಬ್ಬನೇ ಕೂತರೆ 20 ಕೂಡ ಇಲ್ಲ. ಬದುಕಿಡೀ ಒಂದೆರಡೇ ಕೆಲಸ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದೂ ಅವನೇ ಬರೆದ. (ಸೂಜಿಯ ಕಥೆ ಹೇಳುವವರು ಇದನ್ನು ಜಾಣತನದಿಂದ ಮರೆಯುತ್ತಾರೆ.) ನಿಮ್ಮ ಬೇಸರ ಬಹುಶಃ ಅದೇ.

ನಿಮಗೆ ಸಾಕಾಗಿರುವುದು ಕೊಡುಕೊಳ್ಳುವಿಕೆಯೋ, ಒಬ್ಬನೇ ಯಜಮಾನನೋ? ಎರಡನೆಯದಾದರೆ ನಾಲ್ಕಾರು ಗಿರಾಕಿಗಳಿರುವ ಸ್ವಂತ ಕಸುಬು ಸಾಕು. ಜಮೀನೇ ಬೇಕೆಂದರೆ ಸಂತೋಷ. ಆದರೆ ಅಲ್ಲಿಯೂ ಒಬ್ಬನೇ ಆಳು, ನಿಮ್ಮ ಮೈ. ನಾಲ್ಕು ದಿನ ಜ್ವರ ಬಂದರೆ ನೀರು ಹಾಯಿಸುವವರು ಯಾರು? ರಾಜೀನಾಮೆಗೆ ಮೊದಲು ಒಂದು ಬೆಳೆ ತೆಗೆದು ನೋಡಿ. ಕನ್ನಡಕಕ್ಕೆ, ಹಲ್ಲುನೋವಿಗೆ ದುಡ್ಡು ಎಲ್ಲಿಂದ ಬರುತ್ತದೆಂದು ಇವತ್ತೇ ಬರೆದಿಡಿ.